ಲ್ಯಾಪ್‌ಟಾಪಿಗೆ ಹೊಲಿದ ಗಾದಿ

ಗಫಾರ ನದಾಫ ಗಾದಿ ಹೊಲಿಯುವಾಗ ಕೊನೆಯಲ್ಲಿ ಒಂದು ಮೂಲೆಯನ್ನು ಗೇಣುದ್ದ ಹೊಲಿಯದೆ ಬಿಡುತ್ತಾನೆ. ಗಿರಾಕಿ ಬಂದು ಆ ಸಂದಿಯಲ್ಲಿ ಕೈ ಹಾಕಿ, ಒಂದು ಚಿಟಿಕೆ ಹತ್ತಿ ಎಳೆದು ನೋಡಿ, "ಹೂಂ, ಹೊಲಿ" ಅಂದ ಮೇಲೆಯೇ ಮೂಲೆ ಮುಚ್ಚುವುದು. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ ಹಾಗೆಯೇ ಮಾಡುತ್ತಿದ್ದ. ತನ್ನೂರು ಮಮದಾಪುರದಿಂದ ಕೊಣ್ಣೂರಿನವರೆಗೆ ಅವನು ಹೊಲಿದ ಗಾದಿ ಇಲ್ಲದ ಓಣಿಯಿಲ್ಲ. ಈಗ ಗೋಕಾಕದ ಅಂಗಡಿಗಳಿಗೆ ಫೋಮಿನ ಗಾದಿ ಬಂದು ಕೆಲಸ ಅರ್ಧಕ್ಕೆ ಇಳಿದಿದೆ. ಉಳಿದ ಅರ್ಧ ಮಾಡುವಷ್ಟರಲ್ಲೇ ಐವತ್ತೆರಡರ ಗಫಾರನಿಗೆ ಸಾಕುಸಾಕಾಗುತ್ತದೆ.

ಆ ಗುರುವಾರ ಮುಂಜಾನೆ ಅವನು ಶೆಟ್ಟೆವ್ವನ ಹತ್ತಿ ಹಿಂಜುತ್ತಿದ್ದ, ಎರಡು ದಿನದಿಂದ ಅದೇ ಕೆಲಸ. ಪಕ್ಕದ ಓಣಿಯ ಶೆಟ್ಟೆವ್ವನ ಮೊಮ್ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಯಂತ್ರಕ್ಕೆ ಕೊಟ್ಟು ಅರಳಿಸಿ, ಹೊಸ ಬಟ್ಟೆಯ ಖೋಳದಲ್ಲಿ ತುಂಬಿ ಕೊಡಬೇಕಿತ್ತು. ಮುದುಕಿ ಹೊಸ್ತಿಲ ಮೇಲೆ ಕುಳಿತು ಕಾಯುತ್ತಿದ್ದಳು. ತನ್ನ ಹತ್ತಿ ಮತ್ತೊಬ್ಬರ ಗಾದಿಗೆ ಹೋದೀತೆಂಬ ಅನುಮಾನ ಅವಳಿಗೆ ಮೂವತ್ತು ವರ್ಷದಿಂದ ಇದೆ. ಕೋಣೆಯ ತುಂಬ ಹತ್ತಿಯ ಎಳೆಗಳು ಹಾರಾಡುತ್ತಿದ್ದವು. ಗಫಾರ ಮೂಗಿಗೆ ವಸ್ತ್ರ ಕಟ್ಟಿಕೊಂಡಿದ್ದರೂ ನಡುನಡುವೆ ಕೆಮ್ಮುತ್ತಿದ್ದ.

ಮಗಳು ಫರೀನ ಒಳಗಿನಿಂದ ಬಂದು ನಿಂತಳು.

"ಅಪ್ಪಾ, ಸ್ವಲ್ಪ ಮಷಿನ್ ಬಂದ್ ಮಾಡು."

ಅವನು ಬಂದ್ ಮಾಡಿದ. ಫರೀನಳ ತೋಳಿನಲ್ಲಿ ಲ್ಯಾಪ್‌ಟಾಪ್ ಇತ್ತು, ಖೋಳದ ಸಮೇತ.

"ಚಾಲೂ ಆಗವಲ್ದು."

"ಚಾರ್ಜ್ ಇರಲಿಕ್ಕಿಲ್ಲ."

"ಚಾರ್ಜಿಗೆ ಹಚ್ಚೇ ಇಟ್ಟಿದ್ನಿ."

ಶೆಟ್ಟೆವ್ವ ಕುಳಿತಲ್ಲಿಂದಲೇ ಕತ್ತು ಚಾಚಿದಳು. "ನಾ ಆವತ್ತ ಹೇಳಿದ್ನಿಲ್ಲೋ ಗಫಾರ, ಅದಕ್ಕ ಗಾದಿ ಹೊಲದ್ರ ಅದು ಮಕ್ಕೊಳ್ಳೂದ ಅಂತ. ನೋಡೀಗ, ಮಕ್ಕೊಂಡೈತಿ."

ಗಫಾರ ನಗಲಿಲ್ಲ. ಆ ಖೋಳ ಅವನೇ ಹೊಲಿದದ್ದು. ನೀಲಿ ಪಟ್ಟೆಯ ದಪ್ಪ ಬಟ್ಟೆ, ಒಳಗೆ ಎರಡೂ ಮಗ್ಗುಲಿಗೆ ಎರಡೆರಡು ಬೆರಳು ದಪ್ಪ ಹೊಸ ಹತ್ತಿ, ಅದು ಜರುಗದಂತೆ ಚೌಕಚೌಕವಾಗಿ ಹಾಕಿದ ಟಾಕಿನ ಹೊಲಿಗೆ, ಬಾಯಿ ಬಿಗಿಯಲು ಲಾಡಿ. ಥೇಟ್ ಒಂದು ಸಣ್ಣ ಗಾದಿ. ಹೋದ ವರ್ಷ ಮಗಳಿಗೆ ಹಳೆಯ ಲ್ಯಾಪ್‌ಟಾಪ್ ಕೊಂಡ ವಾರ, ಕೆಲಸ ಮುಗಿದ ಮೇಲೆ ಮೂರು ಸಂಜೆ ಕುಳಿತು ಹೊಲಿದಿದ್ದ. ಬಸ್ಸಿನಲ್ಲಿ ಎಷ್ಟೇ ಕುಲುಕಿದರೂ ಪೆಟ್ಟಾಗಬಾರದು ಎಂಬುದು ಅವನ ಲೆಕ್ಕ.

ಲ್ಯಾಪ್‌ಟಾಪ್ ಆರಿಸಿದವನೂ ಅವನೇ. ಗೋಕಾಕದ ಒಂದು ಅಂಗಡಿಯಲ್ಲಿ ಮೂರನ್ನು ಮುಂದಿಟ್ಟಾಗ ಅವನು ಒಂದೊಂದನ್ನೇ ಎತ್ತಿ ನೋಡಿದ್ದ. ಹತ್ತಿಯ ಕೆಲಸದವನಿಗೆ ತೂಕವೇ ಸಾಕ್ಷಿ. ತೂಕವಿದ್ದ ಗಾದಿ ಹತ್ತು ವರ್ಷ ಬಾಳುತ್ತದೆ, ಹಗುರವಾದದ್ದು ಮೂರು ವರ್ಷಕ್ಕೆ ಚಪ್ಪಟೆ. ಎಲ್ಲಕ್ಕಿಂತ ಭಾರವಾದದ್ದನ್ನೇ ತೋರಿಸಿ, "ಇದು ಕೊಡ್ರಿ" ಅಂದಿದ್ದ. ಅಂಗಡಿಯವನು, "ಕಾಕಾ, ನಿಮ್ಮ ಕೈ ಅಂದ್ರ ತಕ್ಕಡಿ" ಎಂದು ಹೊಗಳಿ, ಬಿಲ್ಲಿನ ಬದಲು ಒಂದು ಬಿಳಿಯ ಚೀಟಿಯ ಮೇಲೆ ಫೋನ್ ನಂಬರು ಬರೆದು ಕೊಟ್ಟಿದ್ದ. ಆ ನಂಬರು ಈಗ ಹತ್ತುವುದಿಲ್ಲ. ಅಂಗಡಿಯ ಜಾಗದಲ್ಲಿ ಚಪ್ಪಲಿ ಮಾರುತ್ತಾರೆ.

"ಕೆಡವೀಯೇನ?" ಗಫಾರ ಕೇಳಿದ.

"ಇಲ್ಲಪ್ಪಾ."

"ನೀರು ಚೆಲ್ಲೈತೇನ?"

"ಇಲ್ಲ."

"ಹಂಗಾರ ತನ್ನಷ್ಟಕ್ಕ ತಾನ ಸತ್ತಿತೇನ?"

ಫರೀನ ಆಗ ಹೇಳಿದಳು. ಒಂದು ತಿಂಗಳಿಂದ ಅದು ಕೈ ಇಡಲಾಗದಷ್ಟು ಬಿಸಿಯಾಗುತ್ತಿತ್ತು. ಒಳಗಿನ ಫ್ಯಾನು ಕಿರುಚುತ್ತಿತ್ತು. ಬರೆಯುತ್ತಿರುವಾಗಲೇ ಆರಿಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತುತ್ತಿತ್ತು.

"ಒಂದು ತಿಂಗಳು? ಹೇಳಲಿಲ್ಲ ಯಾಕ?"

"ನೀ ಮೊದಲ ದಣದಿರತಿ. ಅದರಾಗ ಮತ್ತ ಇದೊಂದು ಯಾಕ ಅಂತ."

ಆ ಮನೆಯಲ್ಲಿ ಎಲ್ಲರೂ ಅದನ್ನು ಕಲಿತಿದ್ದರು. ಗ್ಯಾಸ್ ಮುಗಿದರೂ, ಮಾಡು ಸೋರಿದರೂ, ಅವನ ಕೆಮ್ಮು ನಿಂತ ಮೇಲೆಯೇ ಹೇಳುತ್ತಿದ್ದರು.

ಫರೀನ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ನೂರಿಪ್ಪತ್ತು ದಾಳಿಂಬೆ ಕಡ್ಡಿಗಳನ್ನು ನಾಲ್ಕು ಬಗೆಯ ಮಣ್ಣಿನಲ್ಲಿ ನೆಟ್ಟು, ಯಾವುದು ಎಷ್ಟು ಚಿಗುರುತ್ತದೆಂದು ನಾಲ್ಕು ತಿಂಗಳು ವಾರವಾರವೂ ಅಳೆದಿದ್ದಳು. ಅಳತೆ ಬರೆದ ನೋಟ್‌ಬುಕ್ ಸಸಿ ಬೆಳೆಸುವ ನೆರಳುಮನೆಯಲ್ಲಿ ನೀರು ಬಿದ್ದು ನೆಂದಿತ್ತು, ಶಾಯಿ ಹರಡಿ ಒಂದಂಕಿಯೂ ಕಾಣುತ್ತಿರಲಿಲ್ಲ. ಎಲ್ಲವೂ ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ ಎಂದು ಅವಳು ಆಗ ಚಿಂತಿಸಿರಲಿಲ್ಲ. ವರದಿ ಕೊಡಬೇಕಾದದ್ದು ಸೋಮವಾರ. ಅಳತೆಗಳಿಲ್ಲದೆ ವರದಿಯಿಲ್ಲ. ವರದಿಯಿಲ್ಲದೆ ವರ್ಷ ಮುಗಿಯುವುದಿಲ್ಲ, ಮತ್ತೆ ಮೊದಲಿನಿಂದ ಕಡ್ಡಿ ನೆಡಬೇಕು.

"ಮೊಬೈಲ್‌ದಾಗ ಬರದ ಕೊಡು. ಊರ ಮಂದಿ ಎಲ್ಲಾ ಅದರಾಗ ಮಾಡತಾರ."

"ಮೊಬೈಲ್‌ದಾಗ ಬರೀತೇನಪ್ಪಾ. ಏನಂತ ಬರೀಲಿ? ಅಳತಿ ಎಲ್ಲಾ ಇದರಾಗ ಅದಾವ."

ಹೆಂಡತಿ ರಹಿಮಾಬಿ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಇಲ್ಲಿ ನಿಂತು ವಾದ ಮಾಡಿದ್ರ ಅದು ಏಳತೈತೇನ್ರಿ? ಕಾಜಲ್‌ಗ ತೋರಸ್ರಿ. ನಮ್ಮ ಹೆಣ್ಮಕ್ಕಳ ಸಂಘದವರ ಫೋನಿಗೆ ಬ್ಯಾಂಕಿನ ಹೆಸರಲೆ ಸುಳ್ಳು ಮೆಸೇಜ್ ಬಂದಾಗ ಆಕೀನ ಎಲ್ಲಾರನ್ನೂ ಉಳಿಸಿದ್ಲು."

"ಪುಸ್ತಕ ಕೊಡಾಕಿಗೆ ಇದೇನ ತಿಳೀತೈತಿ?"

"ನಿಮಗ ತಿಳದಿದ್ರ ನೀವ ಎಬ್ಬಿಸ್ರಿ."

ಶೆಟ್ಟೆವ್ವ ತೊಡೆ ಒತ್ತಿಕೊಂಡು ಎದ್ದಳು. "ಹೋಗಿ ಬಾರಪಾ. ನನ್ನ ಹತ್ತಿ ಎಲ್ಲಿ ಓಡಿ ಹೋಗತೈತಿ. ನಾ ಕಾಯತೇನಿ."

ಕಾಜಲ್ ಅದೇ ಊರಿನ ಸತ್ತೆಪ್ಪನ ಸೊಸೆ. ಬಿ.ಎಸ್ಸಿ. ಓದಿ, ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. ಪುಸ್ತಕದ ಕಪಾಟುಗಳ ಜೊತೆಗೆ ಅಲ್ಲಿ ಎರಡು ಕಂಪ್ಯೂಟರುಗಳೂ ಇವೆ. ಗಫಾರ ಹೋದಾಗ ಅವಳು ಅವುಗಳ ಮೇಲೆ ಹೊದಿಸಿದ್ದ ಬಟ್ಟೆಯನ್ನು ತೆಗೆದು, ಹೊರಗೆ ಕೊಡವಿ, ಮಡಚಿಟ್ಟು, ಆಮೇಲೆ ಸ್ವಿಚ್ ಹಾಕುತ್ತಿದ್ದಳು.

ಫರೀನ ಎಲ್ಲ ಹೇಳಿದಳು. ಕಾಜಲ್ ಲಾಡಿ ಬಿಚ್ಚಿ ಲ್ಯಾಪ್‌ಟಾಪನ್ನು ಹೊರಗೆ ತೆಗೆದಳು. ಬಟನ್ ಒತ್ತಲಿಲ್ಲ. ತಿರುಗಿಸಿ, ಪಕ್ಕದ ಸೀಳುಗಳ ಹತ್ತಿರ ಮೂಗು ಒಯ್ದಳು.

"ಒತ್ತಿ ನೋಡವ್ವ ಒಂದ ಸಲ," ಗಫಾರ ಹೇಳಿದ.

"ಬ್ಯಾಡ್ರಿ ಕಾಕಾ. ಸುಟ್ಟ ವಾಸನಿ ಬರಾಕತ್ತೈತಿ. ಇಂಥಾದ್ದಕ್ಕ ಮತ್ತ ಮತ್ತ ಕರೆಂಟ್ ಕೊಟ್ರ ಉಳದದ್ದೂ ಹೋಗತೈತಿ." ಆಮೇಲೆ ಅವಳು ಫರೀನಳ ಕಡೆ ತಿರುಗಿದಳು. "ಇದರಾಗಿನ ನಕಲು ಇನ್ನೆಲ್ಲಿ ಐತಿ?"

ಫರೀನ ತಲೆ ಅಲ್ಲಾಡಿಸಿದಳು.

"ಪೆನ್‌ಡ್ರೈವ್‌ನ್ಯಾಗ? ನಿನ್ನ ಇಮೇಲಿಗೆ ನೀನ ಕಳಿಸಿಕೊಂಡದ್ದು? ಗೆಳತೇರ ಕಡೆ?"

"ಎಲ್ಲೂ ಇಲ್ರಿ ಅಕ್ಕಾ."

ಕಾಜಲ್ ಬೈಯಲಿಲ್ಲ. ಕುರ್ಚಿ ಎಳೆದು ಕುಳಿತಳು. "ಎಲ್ಲಿ ಕುಂತು ಕೆಲಸ ಮಾಡತಿ ಮನ್ಯಾಗ?"

"ಹಿಂಜೂ ಖೋಲ್ಯಾಗ. ಗಾದಿ ಮ್ಯಾಲ ಇಟಗೊಂಡು. ಚಾರ್ಜಿಗೆ ಅಲ್ಲೇ ಮಷಿನ್ ಬಾಜೂಕ ಪ್ಲಗ್ ಐತಿ."

"ಕಾಲೇಜಿಗೆ ಹೋಗೂ ಮುಂದ?"

"ಮುಚ್ಚತೇನಿ, ಖೋಳದಾಗ ತುರಕತೇನಿ, ಓಡತೇನಿ. ಏಳೂಕಾಲಕ್ಕ ಬಸ್ಸು."

"ಮುಚ್ಚೂಕಿಂತ ಮೊದಲ ಶಟ್‌ಡೌನ್ ಮಾಡಿರತಿ?"

"ಹೊತ್ತಾಗಿರತೈತ್ರಿ."

ಕಾಜಲ್ ಖೋಳವನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಹತ್ತಿ ತಗ್ಗಿ ಮತ್ತೆ ಮೇಲೆದ್ದಿತು. ಟಾಕುಗಳ ಸಾಲು ನೋಡಿದಳು, ಗಫಾರನ ಕೈ ನೋಡಿದಳು. ಏನೋ ಹೇಳಲು ಹೋಗಿ, "ಭಾಳ ಛಂದ ಹೊಲದೀರಿ ಕಾಕಾ" ಎಂದಷ್ಟೇ ಅಂದಳು. ಅವಳು ನುಂಗಿದ ಮಾತು ಏನೆಂದು ಗಫಾರನಿಗೆ ತಿಳಿಯಲಿಲ್ಲ. ಆದರೆ ಏನೋ ನುಂಗಿದ್ದು ತಿಳಿಯಿತು.

"ಈಗ ಹೆಂಗ? ಎಲ್ಲಾ ಹೋತೇನ?"

"ಖೋಳ ಹರದ್ರ ಒಳಗಿನ ಹತ್ತಿ ಕೆಡತೈತೇನ್ರಿ?"

"ಹತ್ತೀಗೇನಾಗತೈತಿ."

"ಇದೂ ಹಂಗ. ಲ್ಯಾಪ್‌ಟಾಪ್ ಕೆಟ್ರೂ ಬರದದ್ದು ಒಳಗ ಡಿಸ್ಕ್ ಅಂತ ಇರತೈತಿ, ಅದರಾಗ ಕುಂತಿರತೈತಿ. ಡಿಸ್ಕ್ ಉಳದಿದ್ರ ಅಳತಿ ಉಳದಾವ. ಅದನ್ನ ಬಿಚ್ಚಿ ಬ್ಯಾರೆ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು."

"ಗೋಕಾಕಕ್ಕ ಒಯ್ದ್ರ ಹೊಸಾದು ತಗೋರಿ ಅಂತಾರ. ಅವರ ಧಂದೇನ ಅದು."

"ಅನ್ನಲಿ ಬಿಡ್ರಿ. ನಿಮ್ಮ ಕಣ್ಣ ಮುಂದ ಬಿಚ್ಚಾಕ ಹಚ್ಚೂಣು. ಈ ಕೇಂದ್ರದ್ದು ರಿಪೇರಿ ಮಾಡವರು ಶಿವಾನಂದ ಅಂತ ಅದಾರ. ಹೆಂಗೂ ನಾಳೆ ನಂದೂ ಗೋಕಾಕದಾಗ ಕೆಲಸ ಐತಿ, ಜೋಡೀಲೆ ಹೋಗೂಣು."

ಶುಕ್ರವಾರ ಮೂವರೂ ಬಸ್ಸು ಹತ್ತಿದರು. ಸೀಟು ಸಿಗಲಿಲ್ಲ. ಲ್ಯಾಪ್‌ಟಾಪಿನ ಚೀಲವನ್ನು ಗಫಾರನೇ ಹೆಗಲಿಗೆ ಹಾಕಿಕೊಂಡಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಪಟ್ಟಿ ಹೆಗಲನ್ನು ಕೊರೆಯತೊಡಗಿತು. ಇನ್ನೊಂದು ಹೆಗಲಿಗೆ ಹಾಕಿಕೊಂಡ. ಅದೂ ನೋಯತೊಡಗಿತು. ಅಂಗಡಿಯಲ್ಲಿ ಅರೆಗಳಿಗೆ ಎತ್ತಿದಾಗ ಕೈಗೆ ಹಿತವೆನಿಸಿದ್ದ ತೂಕ ಇದೇ. ಮಗಳು ಇದನ್ನು ಪುಸ್ತಕಗಳ ಜೊತೆ ದಿನವೂ ಹೊತ್ತು, ಗೋಕಾಕದಲ್ಲಿ ಬಸ್ಸು ಬದಲಿಸಿ, ಅರಭಾವಿಗೆ ಹೋಗಿ ಬರುತ್ತಾಳೆ. ಅವನು ಫರೀನಳ ಕಡೆ ನೋಡಿದ. ಅವಳು ಕಂಬಿ ಹಿಡಿದು ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತಿದ್ದಳು. ಇದನ್ನೂ ಅವಳು ಹೇಳಿರಲಿಲ್ಲ.

ಶಿವಾನಂದನ ಅಂಗಡಿ ಒಂದು ಮೆಟ್ಟಿಲ ಕೆಳಗಿನ ಸಣ್ಣ ಜಾಗ. ಅವನೂ ದಣಿದವನಂತೆಯೇ ಇದ್ದ. ಮುಂಜಾನೆಯಿಂದ ಇದು ಐದನೆಯದು ಅಂದ. ತಳದ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಬಾಟಲಿಯ ಮುಚ್ಚಳದಲ್ಲಿ ಹಾಕಿದ. ತಳ ಎತ್ತಿದ. ಬಗ್ಗಿ ನೋಡಿದ.

"ಮನ್ಯಾಗ ಬೆಕ್ಕು ಸಾಕೀರೇನ್ರಿ?"

ಫ್ಯಾನಿನ ಬಾಯಿಗೆ ಬೂದು ಬಣ್ಣದ ಏನೋ ಅಂಟಿತ್ತು. ಶಿವಾನಂದ ಚಿಮಟದಲ್ಲಿ ಹಿಡಿದು ಎಳೆದ. ಬೆರಳುದ್ದದ ಒಂದು ಪಟ್ಟಿ ಇಡಿಯಾಗಿ ಎದ್ದು ಬಂತು, ಒತ್ತಿ ಒತ್ತಿ ಗಟ್ಟಿಯಾದದ್ದು.

ಗಫಾರ ಕೈ ಚಾಚಿದ. ಪಟ್ಟಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಉಗುರಿನಿಂದ ಪದರ ಬಿಡಿಸಿದ. ಮೇಲಿನ ಪದರ ಬಿಳಿ, ಅದರ ಕೆಳಗಿನದು ಹಳದಿ, ಅದರ ಕೆಳಗೆ ಕರಿಯ ಸಿಪ್ಪೆ ಬೆರೆತ ಒರಟು ಎಳೆ. ಎರಡು ಬೆರಳ ನಡುವೆ ಉಜ್ಜಿದ.

"ಇದು ನಂದು," ಅಂದ.

"ಏನು ನಿಮ್ಮದು?"

"ಈ ಹತ್ತಿ. ಬಿಳೀದು ಶೆಟ್ಟೆವ್ವಂದು, ಈ ವಾರದ್ದು. ಹಳದಿ ಐತೆಲ್ಲ, ಇದು ಕೊಣ್ಣೂರ ಉದ್ದಪ್ಪನ ಮನೀದು. ಇಪ್ಪತ್ತು ವರ್ಷದ ಹಳೇ ಗಾದಿ ಬಿಚ್ಚಿದ್ನಿ, ದೀಪಾವಳಿ ಮುಂದ. ಈ ಒರಟಂದು ಪರಪ್ಪನ ಲೋಡುದಿಂಬಿಂದು. ಬ್ಯಾಡ ಅಂದ್ರೂ ಅಗ್ಗದ್ದು ತಂದಿದ್ದ."

ಒಂದು ವರ್ಷದಲ್ಲಿ ಅವನು ಮಾಡಿದ ಕೆಲಸವೆಲ್ಲ ಅಲ್ಲಿ ಪದರಪದರವಾಗಿ ಕುಳಿತಿತ್ತು.

ಶಿವಾನಂದನ ದನಿ ಮೆತ್ತಗಾಯಿತು. "ಹಿಂಗೈತ್ರಿ ಕಾಕಾ. ಕೆಲಸ ಮಾಡೂ ಮುಂದ ಇದು ಬಿಸಿ ಆಗೂದ. ಈ ಫ್ಯಾನು ಗಾಳಿ ಎಳಕೊಂಡು ಆ ಬಿಸೀನ ಹೊರಗ ದಬ್ಬತೈತಿ. ಗಾದಿ ಮ್ಯಾಲ ಇಟ್ರ ತಳದ ತೂತು ಮುಚ್ಚತಾವ. ಹತ್ತಿ ಹಾರೂ ಖೋಲ್ಯಾಗ ಇಟ್ರ ಒಳಗ ಹಿಂಗ ಕಟ್ಟತೈತಿ. ಅದರ ಮ್ಯಾಲ," ಅವನು ಖೋಳವನ್ನು ಎತ್ತಿ ನೋಡಿದ, "ಮುಚ್ಚಿದ ಕೂಡ್ಲೆ ಪೂರಾ ಬಂದ್ ಆತು ಅಂತ ತಿಳೀಬಾರದ್ರಿ. ಶಟ್‌ಡೌನ್ ಮಾಡದ ಹಂಗ ಮುಚ್ಚಿದ್ರ ಒಮ್ಮೊಮ್ಮೆ ಒಳಗ ಚಾಲೂನ ಇರತೈತಿ. ಅಂಥಾದ್ದನ್ನ ಎರಡ ಬೆರಳ ಹತ್ತ್ಯಾಗ ಸುತ್ತಿ, ಮ್ಯಾಲ ಲಾಡಿ ಕಟ್ಟಿದ್ರ ಬಿಸಿ ಎಲ್ಲಿಗೆ ಹೋಗಬೇಕ್ರಿ?"

ಕಾಜಲ್ ನಿನ್ನೆ ನುಂಗಿದ ಮಾತು ಇದೇ ಎಂದು ಗಫಾರನಿಗೆ ಅರ್ಥವಾಯಿತು.

ಒಳಗಿನ ಮುಖ್ಯ ಹಲಗೆ, ಮದರ್‌ಬೋರ್ಡ್, ಸುಟ್ಟಿತ್ತು. ಅದನ್ನು ಬದಲಿಸಿದರೂ ಹಳೆಯ ಯಂತ್ರ ಹೆಚ್ಚು ದಿನ ಬಾಳುವುದಿಲ್ಲ, ಬೇಡ ಎಂದು ಶಿವಾನಂದನೇ ಹೇಳಿದ. ಡಿಸ್ಕನ್ನು ಬಿಚ್ಚಿ ಒಂದು ವೈರಿನಿಂದ ತನ್ನ ಕಂಪ್ಯೂಟರಿಗೆ ಜೋಡಿಸಿದ. ಅದು ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತಿತು. ಮತ್ತೆ ಟಿಕ್ ಟಿಕ್ ಎಂದಿತು. ಫರೀನ ಓಢಣಿಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಪರದೆಯ ಮೇಲೆ ಕಡತಗಳ ಹೆಸರು ಒಂದೊಂದಾಗಿ ಮೂಡಿದವು.

"ಯಾವುದವ್ವ?"

"ಕೆಳಗಿಂದ ಮೂರನೇದ್ರಿ."

ಅದು ತೆರೆಯಿತು. ಒಂದರಿಂದ ನೂರಿಪ್ಪತ್ತರವರೆಗೆ ಅಂಕಿಗಳ ಸಾಲು. ಫರೀನ ಕೊನೆಯ ಸಾಲಿನವರೆಗೂ ನೋಡಿ, ಹಿಂದಿದ್ದ ಸ್ಟೂಲಿನ ಮೇಲೆ ಕುಳಿತು, ಓಢಣಿಯಲ್ಲಿ ಮುಖ ಒರೆಸಿಕೊಂಡಳು.

"ಇಲ್ಲಿಂದ ಹೊರಗ ಕಾಲಿಡೂದರೊಳಗ ಎರಡು ನಕಲು ಮಾಡಿಕೊ," ಕಾಜಲ್ ಹೇಳಿದಳು. "ಒಂದು ಪೆನ್‌ಡ್ರೈವ್‌ನ್ಯಾಗ. ಇನ್ನೊಂದು ನಿನ್ನ ಇಮೇಲಿಗೆ ಕಳಿಸಿಕೊ, ಇಲ್ಲಾ ಆನ್‌ಲೈನ್ ಡ್ರೈವಿನ್ಯಾಗ ಹಾಕು. ಒಂದು ಮನಿಯಿಂದ ಹೊರಗ ಇರಬೇಕು. ಮನೀಗೆ ಬೆಂಕಿ ಬಿದ್ರೂ, ಚೀಲ ಕಳದ್ರೂ ಅದು ಇರತೈತಿ."

ನಮಾಜು ಮುಗಿಸಿಕೊಂಡು ಬಂದ ಗಫಾರ ಅಂಗಡಿಯ ಮೆಟ್ಟಿಲ ಮೇಲೆ ಮಗಳ ಪಕ್ಕದಲ್ಲಿ ಕುಳಿತ.

"ಖೋಳದಿಂದ ಹಿಂಗ ಆಗಾಕತ್ತೈತಿ ಅಂತ ನಿನಗ ಗೊತ್ತಿತ್ತೇನ?"

"ಪೂರಾ ಗೊತ್ತಿರಲಿಲ್ಲ. ಅದರಾಗಿಂದ ತಗದಾಗ ಭಾಳ ಬಿಸಿ ಇರತಿತ್ತು."

"ಮತ್ತ ತಗದು ಒಗೀಬೇಕಿಲ್ಲ?"

"ಮೂರು ಸಂಜಿ ಕುಂತು ಹೊಲದಿದ್ದಿ."

ಗಫಾರ ಖೋಳವನ್ನು ಮಡಚಿ ಚೀಲದಲ್ಲಿ ಹಾಕಿದ. "ಇನ್ನ ಮುಂದ ಹೇಳು," ಅಂದ. "ನಾ ದಣದಿದ್ರೂ ಹೇಳು."

ಶನಿವಾರ, ಭಾನುವಾರ ಫರೀನ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಕುಳಿತು ವರದಿ ಬರೆದಳು. ಸೋಮವಾರ ಕೊಟ್ಟಳು. ಇನ್ನೂ ಒಂದು ಸೆಮಿಸ್ಟರ್ ಬಾಕಿಯಿತ್ತು. ಮನೆಯಲ್ಲಿ ಹೊಸ ಲ್ಯಾಪ್‌ಟಾಪಿನ ಮಾತು ಬಂದಾಗ ಗಫಾರ ಕೈ ಮುಗಿದ. "ಸಾಕ ಮಾರಾಯ್ತಿ. ಕೇಂದ್ರದಾಗ ಕುಂತು ಬರೀಲಿ."

"ಕೇಂದ್ರ ಬಂದ್ ಆದ ಮ್ಯಾಲ ಆಕಿ ಬಸ್ ಇಳೀತಾಳ," ರಹಿಮಾಬಿ ಹೇಳಿದಳು. "ಹೋದ ವರ್ಷ ನಿಮ್ಮ ಮಷಿನ್ ಸುಟ್ಟಾಗ ಏನ ಮಾಡಿದ್ರಿ? ಅಜ್ಜನ ಕಾಲದ ಹಿಂಜೂ ಬಿಲ್ಲು ಹಿಡದು ಕೈಲೆ ಹಿಂಜಾಕ ಕುಂತ್ರೇನ? ಮರುದಿನಾನ ಮೋಟರ್ ತಂದ್ರಿ. ನಿಮ್ಮ ಕೆಲಸಕ್ಕ ಒಂದು ಮಾತು, ಆಕಿ ಕೆಲಸಕ್ಕ ಒಂದು ಮಾತೇನ?"

ಹದಿನೈದು ದಿನ ಬಿಟ್ಟು ಅವರು ಮತ್ತೆ ಗೋಕಾಕಕ್ಕೆ ಹೋದರು, ಕಾಜಲ್‌ಳನ್ನೂ ಕರೆದುಕೊಂಡು. ಈ ಸಲ ಹೊಸದನ್ನೇ ಮಾರುವ, ಬಿಲ್ಲು ಕೊಡುವ ಅಂಗಡಿ. ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಗಫಾರನ ಕೈ ತಾನಾಗಿಯೇ ಎಲ್ಲಕ್ಕಿಂತ ದಪ್ಪದ್ದರ ಕಡೆ ಹೋಯಿತು. ಹೆಗಲು ನೆನಪಾಗಿ ಕೈ ಹಿಂದಕ್ಕೆ ಬಂತು.

"ಇದರ ಮೂಲಿ ಬಿಚ್ಚಿ ತೋರಸ್ರಿ," ಅಂದ.

ಅಂಗಡಿಯವನು ಕಕ್ಕಾಬಿಕ್ಕಿಯಾದ. "ಏನ್ರಿ?"

"ನಾ ಗಾದಿ ಮಾರಾವ. ಒಳಗಿನ ಹತ್ತಿ ತೋರಸದ ಒಂದು ಗಾದೀನೂ ಹೊಲದಿಲ್ಲ. ಹೋದ ಸಲ ಇದನ್ನ ಮಾತ್ರ ಮ್ಯಾಲಿಂದ ನೋಡಿ ತಗೊಂಡ್ನಿ. ಒಳಗ ಏನೈತಿ ಹೇಳ್ರಿ."

ಕಾಜಲ್ ನಕ್ಕಳು. ಅಂದು ಅವಳು ನಕ್ಕದ್ದು ಅದೊಂದೇ ಸಲ. "ಚಾಲೂ ಮಾಡಿ ಒಳಗಿಂದು ಪರದೆ ಮ್ಯಾಲ ತೋರಸ್ರಿ ಇವರಿಗೆ. ಡಬ್ಬಿ ಮ್ಯಾಲ ಬರದದ್ದು ಬ್ಯಾಡ."

ಅಂಗಡಿಯವನು ಮೊದಲು ಹೆಚ್ಚಿನ ಬೆಲೆಯದನ್ನೇ ತೆರೆದ. ಆಟ ಆಡಲು ಬಹಳ ಚೆನ್ನ ಅಂದ.

"ನೀ ಆಟ ಆಡತಿಯೇನ?" ಗಫಾರ ಮಗಳನ್ನು ಕೇಳಿದ.

"ಇಲ್ಲಪ್ಪಾ. ಅಂಕಿ ತುಂಬೂದು, ವರದಿ ಬರಿಯೂದು, ಗಿಡದ ಫೋಟೋ ನೋಡೂದು, ಆನ್‌ಲೈನ್ ಪಾಠ ಕೇಳೂದು."

"ಹಂಗಾರ ಅದು ಬ್ಯಾಡ."

"ಈ ಕೆಲಸಕ್ಕ ರ‍್ಯಾಮ್ ಎಂಟು ಜಿಬಿ ನಡೀತೈತಿ," ಕಾಜಲ್ ಹೇಳಿದಳು. "ಹದಿನಾರು ಸಿಕ್ರ ನಾಕೈದು ವರ್ಷ ಚಿಂತಿ ಇಲ್ಲ. ಮುಂದ ಹೆಚ್ಚು ಹಾಕಾಕ ಜಾಗ ಐತಿಲ್ಲ ಅದನ್ನೂ ಕೇಳ್ರಿ. ಡಿಸ್ಕ್ ಎಸ್‌ಎಸ್‌ಡಿ ಇರಬೇಕು. ಹಳೇದರಾಗ ತಿರಗೂ ಡಿಸ್ಕ್ ಇತ್ತು, ಬಸ್ಸಿನ್ಯಾಗ ಕುಲಕಿದ್ರ ಅದಕ್ಕ ಪೆಟ್ಟು. ಎಸ್‌ಎಸ್‌ಡಿ ಒಳಗ ತಿರಗೂದು ಏನೂ ಇರೂದಿಲ್ಲ."

"ಅದಕ್ಕ ಪೆಟ್ಟ ಆಗೂದಿಲ್ಲ ಅಂದ್ರ ನಕಲು ಬ್ಯಾಡೇನ?"

"ಅದೂ ಒಂದಿನ ಕೆಡತೈತ್ರಿ ಕಾಕಾ, ಹೇಳದ ಕೇಳದ. ನಕಲು ಬೇಕ ಬೇಕು."

ಹದಿನಾಲ್ಕು ಇಂಚಿನ ಪರದೆಯ, ಒಂದೂವರೆ ಕಿಲೋದಷ್ಟು ತೂಗುವ ಒಂದನ್ನು ಫರೀನ ಆರಿಸಿದಳು. ಕುಳಿತು ನಾಲ್ಕು ಸಾಲು ಟೈಪ್ ಮಾಡಿ ನೋಡಿದಳು, ಬಾಗಿಲ ಬೆಳಕಿಗೆ ಪರದೆ ತಿರುಗಿಸಿ ನೋಡಿದಳು. ಬ್ಯಾಟರಿ ಎಷ್ಟು ತಾಸು ಬರುತ್ತದೆಂದು ಕೇಳಿದಳು. ಗಫಾರನದೂ ಒಂದು ಪ್ರಶ್ನೆಯಿತ್ತು. ಕೆಟ್ಟರೆ ಯಾರು ನೋಡುತ್ತಾರೆ, ಎಲ್ಲಿ? ಕಂಪನಿಯ ದುರಸ್ತಿ ಕೇಂದ್ರ ಬೆಳಗಾವಿಯಲ್ಲಿದೆ ಎಂದು ಅಂಗಡಿಯವನು ವಿಳಾಸ ಬರೆದುಕೊಟ್ಟ. ಕಾಜಲ್ ಆ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಬಿಲ್ಲಿನಲ್ಲಿ ಬರೆದ ಸೀರಿಯಲ್ ನಂಬರನ್ನೂ ಯಂತ್ರದ ತಳದ ನಂಬರನ್ನೂ ಗಫಾರನ ಕೈಯಿಂದಲೇ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿಸಿದಳು. ಒಂದು ವರ್ಷದ ವಾರಂಟಿ ಯಾವ ದಿನದಿಂದ ಎಂದು ಬಿಲ್ಲಿನ ಮೇಲೆಯೇ ಬರೆಸಿದಳು.

"ಹಳೇದು ತಗೋಬಾರದ ಅಂತ ಐತೇನವ್ವ?" ಬಸ್ಸಿನಲ್ಲಿ ಅವನು ಕೇಳಿದ.

"ಹಂಗೇನಿಲ್ರಿ. ಹಳೇದೂ ಛಲೋವು ಬರತಾವ. ಪಕ್ಕಾ ಬಿಲ್ಲು ಇರಬೇಕು, ಬರದ ಕೊಟ್ಟ ವಾರಂಟಿ ಇರಬೇಕು, ಬ್ಯಾಟರಿ ತಪಾಸ ಮಾಡಿರಬೇಕು. ಬಿಲ್ಲು ಇಲ್ಲದ್ದು ಕಳುವಿನ ಮಾಲ ಇದ್ರೂ ಇರತೈತಿ. ಬಿಳೀ ಚೀಟಿ ಕೊಟ್ಟ ಅಂದ್ರ ಎದ್ದ ಬಂದಬಿಡ್ರಿ."

ಮನೆಯಲ್ಲಿ ಗಫಾರ ಪಡಸಾಲೆಯ ಮೂಲೆಯಲ್ಲಿ ಜಾಗ ಮಾಡಿದ, ಹಿಂಜುವ ಕೋಣೆಯಿಂದ ದೂರ. ಒಂದು ಹಲಗೆ ಕೊಯ್ಯಿಸಿ ಕೆಳಗೆ ನಾಲ್ಕು ಕಾಲು ಬಡ ಬಡ ಹೊಡೆದ. ಮೋಟರ್ ಚಾಲೂ ಆದಾಗಲೆಲ್ಲ ಮನೆಯ ದೀಪ ಮಂಕಾಗಿ ಮತ್ತೆ ಉರಿಯುವುದನ್ನು ಅವನು ವರ್ಷಗಟ್ಟಲೆ ನೋಡಿದ್ದ. ಈಗ ಅದರ ಅರ್ಥ ತಿಳಿದು, ಚಾರ್ಜರಿಗೆ ಬೇರೆ ಪ್ಲಗ್ ಹಾಕಿಸಿ, ವಿದ್ಯುತ್ ಏರಿಳಿತ ತಡೆಯುವ ಬೋರ್ಡ್ ಇಡಿಸಿದ. ಗುಡುಗು ಶುರುವಾದರೆ ವೈರು ಕೀಳುವುದು ರಹಿಮಾಬಿಯ ಕೆಲಸವಾಯಿತು. ಫರೀನ ಪಾಸ್‌ವರ್ಡ್ ಹಾಕಿದಳು. ಅದನ್ನು ಮನೆಯವರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಪ್ರತಿ ಶುಕ್ರವಾರ ಗಫಾರ ನಮಾಜಿಗೆ ಹೊರಡುವಾಗ ಒಳಗೆ ಕೂಗುತ್ತಾನೆ, "ಫರೀ, ನಕಲು ಆತೇನ?" ಕೆಮ್ಮು ಬಂದರೂ ಅದನ್ನು ಕೂಗಿಯೇ ಹೋಗುತ್ತಾನೆ.

ಹೊಸ ಲ್ಯಾಪ್‌ಟಾಪಿಗೆ ಅವನು ಗಾದಿ ಹೊಲಿಯಲಿಲ್ಲ. ಪೇಟೆಯಿಂದ ತಂದ ತೆಳುವಾದ, ಗಡಸು ಮಗ್ಗುಲಿನ ಚೀಲ ಸಾಕಾಯಿತು. ಮಳೆಗಾಲಕ್ಕೆಂದು ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಮಾತ್ರ ಹೊಲಿದುಕೊಟ್ಟ. ಫರೀನ ಈಗ ಹತ್ತು ನಿಮಿಷ ಮೊದಲೇ ಶಟ್‌ಡೌನ್ ಮಾಡುತ್ತಾಳೆ, ಅದು ತಣ್ಣಗಾದ ಮೇಲೆ ಚೀಲಕ್ಕೆ ಹಾಕುತ್ತಾಳೆ, ಆಮೇಲೆ ರೊಟ್ಟಿ ತಿಂದು ಬಸ್ಸಿಗೆ ಓಡುತ್ತಾಳೆ.

ಶೆಟ್ಟೆವ್ವ ತಾನು ಆಮೇಲೆ ಕೊಟ್ಟಿದ್ದ ಇನ್ನೊಂದು ಗಾದಿ ಒಯ್ಯಲು ಬಂದಳು. ಎಂದಿನಂತೆ ಮೂಲೆಯ ಸಂದಿಯಲ್ಲಿ ಕೈ ಹಾಕಿದಳು, ಚಿಟಿಕೆ ಹತ್ತಿ ಎಳೆದಳು, ಬೆಳಕಿಗೆ ಹಿಡಿದಳು. "ನಂದ ಐತಿ. ಹೊಲಿ," ಅಂದಳು. ಗಫಾರ ಹೊಲಿದು ಮುಗಿಸಿ, ಗಾದಿಯ ಮೇಲೆ ಒಂದು ಪುಟ್ಟ ತಲೆದಿಂಬು ಇಟ್ಟ. ನೀಲಿ ಪಟ್ಟೆಯ ಬಟ್ಟೆ, ಚೌಕಚೌಕ ಟಾಕು. ಹುಟ್ಟಲಿರುವ ಕೂಸು ಓಡಾಡುವಷ್ಟು ದೊಡ್ಡದಾದ ಮೇಲೆ ಬೇಕಾಗುತ್ತದೆ.

"ಇದ್ಯಾರ ಹತ್ತೀನೋ?"

"ಲ್ಯಾಪ್‌ಟಾಪಿಂದು."

"ಅದು ಮಕ್ಕೊಂಡ ಸತ್ತ ಗಾದೀನ ನನ್ನ ಮರಿಮೊಮ್ಮಗಗ ಕೊಡತಿ?"

"ಮಕ್ಕೊಳ್ಳವರಿಗೇ ಬೇಕಲ್ಲಬೇ ಗಾದಿ," ಗಫಾರ ಹೇಳಿದ. "ದುಡಿಯೂದಕ್ಕ ಗಾಳಿ ಬೇಕು."

ಶೆಟ್ಟೆವ್ವ ದಿಂಬನ್ನು ಒತ್ತಿ ನೋಡಿ ಕಂಕುಳಿಗೆ ಸಿಕ್ಕಿಸಿಕೊಂಡಳು.

ಇದನ್ನು ಓದಿಸಿ ಕೇಳುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲಿ ಹತ್ತಿ ಹಿಂಜದಿರಬಹುದು. ಗಿರಣಿಯ ಹಿಟ್ಟು, ಬೆಲ್ಲದ ಗಾಣದ ಬೂದಿ, ಓಣಿಯ ಧೂಳು, ಒಲೆಯ ಹೊಗೆ ಇದ್ದೇ ಇರುತ್ತದೆ. ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ಮೊದಲು ಅವರು ಅದರಲ್ಲಿ ಏನು ಮಾಡುತ್ತಾರೆಂದು ಅವರನ್ನೇ ಕೇಳಿ. ಹೊರುವವರ ಹೆಗಲಿಗೆ ಹಾಕಿ ನೋಡಿ, ಒಳಗಿರುವುದನ್ನು ತೋರಿಸಲು ಹೇಳಿ, ಬಿಲ್ಲು ಇಲ್ಲದೆ ಅಂಗಡಿಯ ಮೆಟ್ಟಿಲಿಳಿಯಬೇಡಿ. ಮನೆಗೆ ತಂದ ಮೇಲೆ ಹಾಸಿಗೆ, ಕೌದಿ, ತಲೆದಿಂಬಿನ ಮೇಲೆ ಇಟ್ಟು ಬಳಸಲು ಬಿಡಬೇಡಿ. ಆರು ತಿಂಗಳಿಗೊಮ್ಮೆ ಬಲ್ಲವರಿಂದ ಒಳಗಿನ ಧೂಳು ತೆಗೆಸಿ. ಹೆಚ್ಚು ಬಿಸಿಯಾದರೆ, ಫ್ಯಾನು ಕೂಗಿದರೆ, ಬ್ಯಾಟರಿ ಉಬ್ಬಿ ಮುಚ್ಚಳ ಕೂರದಿದ್ದರೆ, ಅದೇ ದಿನ ಆರಿಸಿ, ತಿಳಿದವರಿಗೆ ತೋರಿಸಿ. ನಿಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲೇ ತಿಳಿದವರಿರಬಹುದು, ಹೋಗಿ ಕೇಳಿ.

ಇಷ್ಟೆಲ್ಲ ನೆನಪಿಡುವುದು ಕಷ್ಟವೆನಿಸಿದರೆ ಒಂದನ್ನಾದರೂ ಇಂದೇ ಮಾಡಿ. ನೀವು ದಣಿದು ಬಂದಿರುತ್ತೀರಿ, ಅದು ನಿಮ್ಮ ಮಕ್ಕಳಿಗೂ ಗೊತ್ತು. ಅದಕ್ಕೇ ಅವರು ಹೇಳದೆ ಸುಮ್ಮನಿರಬಹುದು. ಕೈಕಾಲು ತೊಳೆದುಕೊಂಡು ಬಂದು ಅವರ ಪಕ್ಕ ಕುಳಿತು ನೀವೇ ಕೇಳಿ: "ಇದರಾಗಿನ ನಕಲು ಇನ್ನೆಲ್ಲಿ ಐತಿ?"